ರೇಡ್ ಕಾರ್ಡ್ ಫರ್ಮ್‌ವೇರ್ ಅಪ್‌ಡೇಟ್ ಮಾಡಿಸುವ ಮುಂಚೆ ಇದನ್ನು ಓದಿ

ಸರ್ವರ್ ಚೆನ್ನಾಗಿ ಓಡುತ್ತಿರುವಾಗ ಯಾರಾದರೂ ಬಂದು "ರೇಡ್ ಕಾರ್ಡ್ ಫರ್ಮ್‌ವೇರ್ ಹಳೇದಾಗಿದೆ, ಅಪ್‌ಡೇಟ್ ಮಾಡ್ಬಿಡ್ತೀನಿ" ಅಂದರೆ ಮೊದಲು ತಡೆಯಿರಿ. (ರೇಡ್ ಕಾರ್ಡ್ ಅಂದರೆ ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದೇ ಡ್ರೈವ್ ಆಗಿ ನಡೆಸುವ ಕಾರ್ಡ್. ಫರ್ಮ್‌ವೇರ್ ಅಂದರೆ ಆ ಕಾರ್ಡ್‌ನ ಚಿಪ್‌ನಲ್ಲೇ ಇರುವ ಸಾಫ್ಟ್‌ವೇರ್.) ಯಾಕೆ ಬೇಕು ಅಂತ ಕೇಳಿ. "ಹೊಸದು ಬಂದಿದೆ ಸಾರ್" ಅನ್ನುವುದಷ್ಟೇ ಉತ್ತರವಾದರೆ ಒಂದು ಕಾಫಿ ಕುಡಿಸಿ ಕಳಿಸಿ.

ನಮ್ಮದು ತುಮಕೂರಿನಲ್ಲಿ ಮದುವೆ ಆಲ್ಬಂ ಮಾಡುವ ಲ್ಯಾಬ್. ಗುಬ್ಬಿ, ಶಿರಾ, ಕುಣಿಗಲ್ ಕಡೆಯ ಫೋಟೋಗ್ರಾಫರ್‌ಗಳು ಫೋಟೋ ತಂದು ಕೊಡುತ್ತಾರೆ. ಕೆಲಸ ನಡೆಯುವುದೆಲ್ಲ ಒಂದೇ ಸರ್ವರ್‌ನಲ್ಲಿ. ನಾಲ್ಕು ಟಿಬಿಯ ನಾಲ್ಕು ಡಿಸ್ಕ್, ರೇಡ್ 5. ಒಂದು ಡಿಸ್ಕ್ ಕೆಟ್ಟರೂ ಫೋಟೋ ಉಳಿಯುತ್ತದೆ ಅನ್ನುವ ಧೈರ್ಯ. ಆದರೆ ಆ ಧೈರ್ಯ ಡಿಸ್ಕ್ ಕೆಟ್ಟಾಗ ಮಾತ್ರ. ಕಾರ್ಡ್ ಕೆಟ್ಟರೆ ಕಥೆಯೇ ಬೇರೆ. ಮುಗಿದ ಆಲ್ಬಂಗಳ ಕಾಪಿ ಬೇರೆ ಕಡೆ ಇತ್ತು. ಆ ಸೀಸನ್ನಿನ ಫೋಟೋ, ಡಿಸೈನ್ ಫೈಲ್‌ಗಳು ಮಾತ್ರ ಸರ್ವರ್‌ನಲ್ಲೇ ಇದ್ದವು.

ಎಎಂಸಿ (ವರ್ಷದ ನಿರ್ವಹಣೆ ಗುತ್ತಿಗೆ) ಕಡೆಯ ಹುಡುಗ ಬಂದಿದ್ದು ಫ್ಯಾನ್ ಸದ್ದು ನೋಡಲು. ಫ್ಯಾನ್ ಸರಿ ಮಾಡಿದ. ಆಮೇಲೆ ಯಾರನ್ನೂ ಕೇಳದೆ ಕಾರ್ಡ್‌ಗೆ ಹೊಸ ಫರ್ಮ್‌ವೇರ್ ಹಾಕಲು ಕೂತ. ಮೇ ತಿಂಗಳು, ಹೊರಗೆ ಗುಡುಗು. ಕರೆಂಟ್ ಹೋಯಿತು. ಯುಪಿಎಸ್ ಸ್ವಲ್ಪ ಹೊತ್ತು ಕೂಗಿ ಅದೂ ಸುಮ್ಮನಾಯಿತು. ಫ್ಲಾಶ್ ಮಾಡುವಾಗ, ಅಂದರೆ ಫರ್ಮ್‌ವೇರ್ ಹಾಕುವಾಗ, ಚಿಪ್‌ನಲ್ಲಿರುವ ಹಳೆಯದನ್ನು ಅಳಿಸಿ ಅದೇ ಜಾಗದಲ್ಲಿ ಹೊಸದನ್ನು ಬರೆಯುತ್ತಾರೆ. ಹಳೇ ಹೆಂಚು ಇಳಿಸಿ ಹೊಸದು ಹೊದಿಸುವ ಮುಂಚೆಯೇ ಮಳೆ ಬಂದ ಹಾಗೆ ಆಯಿತು. ಕರೆಂಟ್ ಬಂದ ಮೇಲೆ ಸರ್ವರ್ ಆನ್ ಆಯಿತು, ಕಾರ್ಡ್ ಮಾತ್ರ ಕಾಣಿಸಲೇ ಇಲ್ಲ.

ಇಲ್ಲಿವರೆಗೆ ಹೋಗಿದ್ದು ಒಂದು ಕಾರ್ಡ್, ಅಷ್ಟೇ. ಫೋಟೋಗಳು ಡಿಸ್ಕ್‌ನಲ್ಲಿ ಹಾಗೇ ಇದ್ದವು. ನಿಜವಾದ ಅನಾಹುತ ಆಗಿದ್ದು ಇದಾದ ಮೇಲೆ. ಈ ಬರಹ ಇರುವುದೂ ಅದಕ್ಕೇ.

ಬೆಂಗಳೂರಿನ ಎಸ್.ಪಿ. ರೋಡಿನಿಂದ ಅದೇ ಮಾಡೆಲ್‌ನ ಸೆಕೆಂಡ್ ಹ್ಯಾಂಡ್ ಕಾರ್ಡ್ ತಂದು ಹಾಕಿದರು. ಇದು ಸರಿಯಾದ ಕೆಲಸವೇ. ನಮ್ಮದು ಮೆಗಾರೇಡ್ ಜಾತಿಯ ಕಾರ್ಡ್. ಇವುಗಳಲ್ಲಿ ರೇಡ್ ವಿವರ ಡಿಸ್ಕ್‌ಗಳ ಮೇಲೂ ಬರೆದಿರುತ್ತದೆ. ಹೊಸ ಕಾರ್ಡ್ ಅದನ್ನು ಓದಿ "ಫಾರಿನ್ ಕಾನ್ಫಿಗರೇಶನ್ ಸಿಕ್ಕಿದೆ" ಅನ್ನುತ್ತದೆ. ಅಂದರೆ "ಈ ಡಿಸ್ಕ್‌ಗಳು ಬೇರೆ ಕಾರ್ಡ್‌ನಿಂದ ಬಂದಿವೆ, ಇವನ್ನು ಸೇರಿಸಿಕೊಳ್ಳಲೇ?" ಅಂತ ಕೇಳುತ್ತಿದೆ. ಆಗ ಒತ್ತಬೇಕಾದ ಕೀ ಎಫ್, ಅಂದರೆ ಇಂಪೋರ್ಟ್. ಡಿಸ್ಕ್‌ಗಳು ಸರಿಯಿದ್ದರೆ ಹಳೇ ಡ್ರೈವ್ ಇದ್ದ ಹಾಗೇ ಎದ್ದು ಬರುತ್ತದೆ.

ಆ ಹುಡುಗ "ಫಾರಿನ್" ಅನ್ನುವುದನ್ನು ನೋಡಿ ಎರರ್ ಅಂದುಕೊಂಡ. ಒಳಗೆ ಹೋಗಿ ಕ್ಲಿಯರ್ ಕೊಟ್ಟ, ಅಂದರೆ ಡಿಸ್ಕ್‌ಗಳ ಮೇಲಿದ್ದ ರೇಡ್ ವಿವರ ಅಳಿಸಿದ. ಆಗಲೂ ದಾರಿ ಇತ್ತು. ಅದೇ ಡಿಸ್ಕ್ ಕ್ರಮ, ಅದೇ ಸ್ಟ್ರೈಪ್ ಸೈಜ್ (ಡೇಟಾವನ್ನು ಡಿಸ್ಕ್‌ಗಳಿಗೆ ಹಂಚುವ ತುಂಡಿನ ಅಳತೆ) ಇಟ್ಟು, ಇನಿಷಿಯಲೈಸ್ ಮಾಡದೆ, ಅಂದರೆ ಇದ್ದದ್ದನ್ನು ಅಳಿಸದೆ, ಮತ್ತೆ ರೇಡ್ ಕಟ್ಟಿದರೆ ಡೇಟಾ ಸಿಗುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ. ಅವನು ಹೊಸ ರೇಡ್ ಕಟ್ಟಿದ, "ಇನಿಷಿಯಲೈಸ್ ಮಾಡಲೇ?" ಅಂತ ಕೇಳಿದ್ದಕ್ಕೆ ಯೆಸ್ ಒತ್ತಿದ. ವಿಂಡೋಸ್‌ನಲ್ಲಿ ಡ್ರೈವ್ ಖಾಲಿ ಬಂತು. "ಈಗ ಸರಿ ಹೋಯ್ತು ಸಾರ್" ಅಂತ ಬೇರೆ ಹೇಳಿದ!

ಪುಣ್ಯಕ್ಕೆ ಅದು ಫಾಸ್ಟ್ ಇನಿಷಿಯಲೈಸ್. ಅದು ಡ್ರೈವ್‌ನ ಶುರು ಮತ್ತು ಕೊನೆಯ ಸ್ವಲ್ಪ ಜಾಗವನ್ನಷ್ಟೇ ಅಳಿಸುತ್ತದೆ. ಫುಲ್ ಕೊಟ್ಟಿದ್ದರೆ ಪೂರ್ತಿ ಡ್ರೈವ್‌ಗೆ ಸೊನ್ನೆ ಬರೆಯುತ್ತಿತ್ತು. ಬೆಂಗಳೂರಿನ ರಿಕವರಿಯವರು ಫೋಟೋಗಳನ್ನು ಹೆಚ್ಚುಕಮ್ಮಿ ಎಲ್ಲಾ ತೆಗೆದುಕೊಟ್ಟರು, ಆದರೆ ಫೋಲ್ಡರ್ ಹೆಸರುಗಳು ಸುಮಾರು ಹೋಗಿದ್ದವು. ಯಾವ ಮದುಮಗಳು ಯಾವ ಮದುವೆಯವಳು ಅಂತ ಸೀರೆ ನೋಡಿ ಗುರುತು ಹಿಡಿದಿದ್ದೇವೆ. ದುಡ್ಡು ನಾವೇ ಕೊಟ್ಟೆವು. ಎಎಂಸಿ ಪತ್ರದಲ್ಲಿ "ಡೇಟಾಗೆ ನಾವು ಜವಾಬ್ದಾರರಲ್ಲ" ಅಂತ ಒಂದು ಸಾಲು ಇತ್ತು. ನಿಮ್ಮದರಲ್ಲೂ ಇರಬಹುದು, ಒಮ್ಮೆ ನೋಡಿ.

ಹಾಗಂತ ಫರ್ಮ್‌ವೇರ್ ಮುಟ್ಟಲೇಬಾರದು ಅಂತಲ್ಲ. 2019ರ ನವೆಂಬರ್‌ನಲ್ಲಿ ಸರ್ವರ್ ಮಾಡುವ ಎಚ್‌ಪಿಇ ಕಂಪನಿಯೇ ಒಂದು ಎಚ್ಚರಿಕೆ ಕೊಟ್ಟಿತ್ತು. ಅವರ ಕೆಲವು ಎಸ್‌ಎಸ್‌ಡಿಗಳು 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ಓಡಿದ ಮೇಲೆ ಡೇಟಾ ಸಮೇತ ಸತ್ತು ಹೋಗುತ್ತಿದ್ದವು. ಅಲ್ಲಿ ಅಪ್‌ಡೇಟ್ ಮಾಡದಿದ್ದರೇ ನಷ್ಟ. ಉಲ್ಟಾ ಆಗಿದ್ದೂ ಇದೆ. 2009ರ ಜನವರಿಯಲ್ಲಿ ಸೀಗೇಟ್ ತನ್ನ 7200.11 ಮಾಡೆಲ್ ಡಿಸ್ಕ್‌ಗಳ ದೋಷ ಸರಿ ಮಾಡಲು ಬಿಟ್ಟ ಫರ್ಮ್‌ವೇರ್‌ನಿಂದಲೇ ಕೆಲವು 500 ಜಿಬಿ ಡಿಸ್ಕ್‌ಗಳು ಕೆಲಸ ನಿಲ್ಲಿಸಿದವು. ಕಂಪನಿ ಆ ಫೈಲನ್ನು ವಾಪಸ್ ತೆಗೆಯಬೇಕಾಯಿತು. ಅದಕ್ಕೇ ರಿಲೀಸ್ ನೋಟ್ (ಅಪ್‌ಡೇಟ್ ಜೊತೆ ಕಂಪನಿ ಕೊಡುವ ವಿವರ) ಓದಿ ಅನ್ನುವುದು. ಅದರಲ್ಲಿ ಹೇಳಿರುವ ತೊಂದರೆ ನಿಮಗೆ ಇದೆಯಾ, ಇಲ್ವಾ ನೋಡಿ.

ಫೈಲ್ ಹುಡುಕುವಾಗಲೂ ಹುಷಾರು. ಮೆಗಾರೇಡ್ ಕಾರ್ಡ್ ಮಾಡುತ್ತಿದ್ದ ಎಲ್‌ಎಸ್‌ಐ ಕಂಪನಿ 2014ರಲ್ಲಿ ಅವಾಗೊ ಕೈಗೆ ಹೋಯಿತು, 2016ರಲ್ಲಿ ಅವಾಗೊ ಬ್ರಾಡ್‌ಕಾಮ್ ಅಂತ ಹೆಸರಿಟ್ಟುಕೊಂಡಿತು. ಹಳೇ ಎಲ್‌ಎಸ್‌ಐ ಕಾರ್ಡ್‌ನ ಫೈಲ್ ಬ್ರಾಡ್‌ಕಾಮ್ ಹೆಸರಲ್ಲಿ ಸಿಗುವುದು ಇದಕ್ಕೇ. ಆದರೆ ಡೆಲ್, ಐಬಿಎಂ ಹೆಸರಿನ ಕಾರ್ಡ್ ಆದರೆ ಒಳಗಿನ ಚಿಪ್ ಎಲ್‌ಎಸ್‌ಐದೇ ಇದ್ದರೂ ಆಯಾ ಕಂಪನಿಯ ಫೈಲನ್ನೇ ಹಾಕಿಸಿ.

ಮಾಡಲೇಬೇಕು ಅಂದರೆ ಮೊದಲು ಬ್ಯಾಕಪ್, ಅದೂ ಒಂದೆರಡು ಫೈಲ್ ತೆರೆದು ನೋಡಿದ ಬ್ಯಾಕಪ್. ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ ಅಂತ ಪ್ಲಗ್ ಎಳೆದು ನೋಡಿ. ಆದರೆ ಆಗ ಅದಕ್ಕೆ ಸರ್ವರ್ ಸಿಕ್ಕಿಸಿರಬಾರದು, ಸರ್ವರ್‌ನಷ್ಟೇ ಕರೆಂಟ್ ಎಳೆಯುವ ಬಲ್ಬ್‌ಗಳು ಸಾಕು. ಕೆಲಸ ಮಾಡುವವರನ್ನೆಲ್ಲ ಲಾಗ್ ಔಟ್ ಮಾಡಿಸಿ. ಕಾರ್ಡ್‌ನ ಕ್ಯಾಶ್‌ನಲ್ಲಿ (ತಾತ್ಕಾಲಿಕ ಮೆಮೊರಿಯಲ್ಲಿ) ಇನ್ನೂ ಡಿಸ್ಕ್‌ಗೆ ಇಳಿಯದ ಫೈಲ್ ಇರಬಹುದು. ರೇಡ್ ಲೆವೆಲ್, ಸ್ಟ್ರೈಪ್ ಸೈಜ್, ಯಾವ ಸ್ಲಾಟ್‌ನಲ್ಲಿ ಯಾವ ಸೀರಿಯಲ್ ನಂಬರಿನ ಡಿಸ್ಕ್ ಅನ್ನುವುದು ಕಾಣುವ ಹಾಗೆ ಸ್ಕ್ರೀನ್ ಫೋಟೋ ಮೊಬೈಲ್‌ನಲ್ಲಿ ತೆಗೆದಿಡಿ. ಜಾಸ್ತಿ ಹೊತ್ತಿನ ಕೆಲಸವೇನಲ್ಲ.

ಈಗಾಗಲೇ ಕಾರ್ಡ್ ಸತ್ತು ಕೂತಿದೆಯಾ? ಹಾಗಾದರೆ ಸರ್ವರ್ ಆಫ್ ಮಾಡಿ. ಡಿಸ್ಕ್ ಹೊರಗೆ ತೆಗೆಯುವ ಮುಂಚೆ ಮಾರ್ಕರ್‌ನಲ್ಲಿ ಸ್ಲಾಟ್ ನಂಬರ್ ಬರೆಯಿರಿ. ಹೊಸ ಕಾರ್ಡ್ ಹಾಕಲು ಬಂದವನನ್ನು "ಫಾರಿನ್ ಅಂತ ಬಂದರೆ ಏನು ಒತ್ತುತ್ತೀಯಪ್ಪಾ?" ಅಂತ ಕೇಳಿ. ತಕ್ಷಣ "ಇಂಪೋರ್ಟ್" ಅನ್ನದಿದ್ದರೆ ಡಿಸ್ಕ್ ಕೈಗೆ ಕೊಡಬೇಡಿ.