ದೀಪಕ್ಕೆ ನಕ್ಷತ್ರದ ಕಿರಣ: ಅಪರ್ಚರ್, ಫಿಲ್ಟರ್, ಸೊಳ್ಳೆ ಜಾಲರಿ

ರಾತ್ರಿ ತೆಗೆದ ಫೋಟೋದಲ್ಲಿ ಬೀದಿದೀಪ ಬರೀ ಬಿಳಿ ಉಂಡೆಯಾಗಿ ಕಂಡರೆ ನನಗೆ ಸಮಾಧಾನ ಇಲ್ಲ. ಸುತ್ತ ಕಿರಣ ಚಾಚಿರಬೇಕು. ಅದಕ್ಕಾಗಿ ಮೂರು ದಾರಿ ನೋಡಿದೆ. ಮೊದಲು ಶಿವಮೊಗ್ಗದಲ್ಲಿ ತುಂಗಾ ಹೊಳೆ ದಂಡೆ ಮೇಲೆ, ಆಮೇಲೆ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ.

ಹೊಳೆ ದಂಡೆಯಲ್ಲಿ ಗೆದ್ದದ್ದು ಅಪರ್ಚರ್, ಅಂದರೆ ಲೆನ್ಸ್ ಒಳಗೆ ಬೆಳಕು ಬಿಡುವ ಕಿಂಡಿಯನ್ನು ಕಿರಿದು ಮಾಡುವ ದಾರಿ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಐಎಸ್‌ಒ (ಬೆಳಕು ಹಿಡಿಯುವ ಸೂಕ್ಷ್ಮತೆ) 100, ಎಫ್/16 (ಈ ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು), 20 ಸೆಕೆಂಡ್ ಬೆಳಕು ಬಿಟ್ಟೆ. ಸೇತುವೆಯ ಒಂದೊಂದು ದೀಪವೂ ಚೂಪಾಗಿ ಅರಳಿತು. ಆ ಕಿಂಡಿಯನ್ನು ಸುತ್ತುವರಿದ ಸಣ್ಣ ಬ್ಲೇಡ್‌ಗಳ ಅಂಚಿಗೆ ತಾಗಿ ಬೆಳಕು ಬಾಗುತ್ತದೆ, ಪ್ರತಿ ಅಂಚಿನಿಂದ ಎರಡು ಕಡೆಗೂ ಚಾಚುತ್ತದೆ. ಬ್ಲೇಡ್ ಸರಿಸಂಖ್ಯೆಯಲ್ಲಿದ್ದರೆ ಎದುರುಬದುರು ಅಂಚುಗಳ ಕಿರಣ ಒಂದರ ಮೇಲೊಂದು ಕೂರುತ್ತವೆ. ಬೆಸ ಇದ್ದರೆ ಕೂರುವುದಿಲ್ಲ, ಹಾಗಾಗಿ ಕಿರಣ ದುಪ್ಪಟ್ಟು. ನನ್ನ ಹಳೇ ಕ್ಯಾನನ್ 18-55 ಐಎಸ್ 2 ಲೆನ್ಸ್‌ಗೆ 6 ಬ್ಲೇಡ್, ಅದರಲ್ಲಿ 6 ಕಿರಣ. 50 ಎಂಎಂ ಎಫ್/1.8 ಎಸ್‌ಟಿಎಮ್‌ಗೆ 7 ಬ್ಲೇಡ್, ಅದರಲ್ಲಿ 14.

ಜಾಸ್ತಿ ಕಿರಣ ಇದ್ದರೆ ಜಾಸ್ತಿ ಚೆಂದ ಅಂದುಕೊಂಡಿದ್ದೆ. ಸೇತುವೆ ದೀಪಗಳು ಸಾಲಾಗಿ ಹತ್ತಿರ ಹತ್ತಿರ ಇದ್ದಾಗ ಹದಿನಾಲ್ಕು ಕಿರಣ ಒಂದಕ್ಕೊಂದು ಹೆಣೆದುಕೊಂಡು ಗೊಂದಲವಾಯಿತು. ಆರು ಕಿರಣದ್ದೇ ಕಣ್ಣಿಗೆ ಹಿತ. ಒಂಟಿ ಕಂಬದ ದೀಪಕ್ಕಾದರೆ 50 ಎಂಎಂ ನಿಜಕ್ಕೂ ಸೊಗಸು.

ಎಫ್/22ಕ್ಕೂ ಹೋಗಿ ನೋಡಿದೆ. ಕಿರಣ ಉದ್ದವಾಯಿತು, ಆದರೆ ಇಡೀ ಚಿತ್ರ ಮೆತ್ತಗಾಯಿತು. ದಂಡೆಯ ಕಲ್ಲಿನ ಮೆಟ್ಟಿಲಿನ ಗೆರೆಗಳೇ ಕಾಣಲಿಲ್ಲ. ಸೆನ್ಸರ್ ಮೇಲಿನ ಧೂಳೂ ಚುಕ್ಕಿ ಚುಕ್ಕಿಯಾಗಿ ಎದ್ದು ಕಾಣುತ್ತದೆ. ನಾನು ಎಫ್/11ರಿಂದ ಎಫ್/16ರ ಒಳಗೇ ನಿಲ್ಲುತ್ತೇನೆ. ಇನ್ನೊಂದು ಮಾತು: ಲೆನ್ಸ್ ಮುಂದೆ ಯುವಿ ಫಿಲ್ಟರ್ (ಲೆನ್ಸ್ ಕಾಯಲು ಹಾಕುವ ಗಾಜು) ಇದ್ದರೆ ಬಿಚ್ಚಿಡಿ. ಇಲ್ಲದಿದ್ದರೆ ದೀಪದ ಪ್ರತಿಬಿಂಬ ಚಿತ್ರದ ಇನ್ನೊಂದು ಮೂಲೆಯಲ್ಲಿ ಹಸಿರು ಕಲೆಯಾಗಿ ಬರುತ್ತದೆ.

ಅಪರ್ಚರ್ ಸಾಕು ಅನ್ನುವ ನಂಬಿಕೆಯಲ್ಲೇ ತೀರ್ಥಹಳ್ಳಿಗೆ ಹೋದೆ. ರಾತ್ರಿ ತೆಪ್ಪೋತ್ಸವ. ದೀಪ ಹಚ್ಚಿದ ತೆಪ್ಪ ತುಂಗೆಯಲ್ಲಿ ನಿಧಾನವಾಗಿ ಸಾಗುತ್ತಿತ್ತು, ದಡದ ತುಂಬ ಜನ. ಎಫ್/16, 20 ಸೆಕೆಂಡ್ ಇಟ್ಟೆ. ಪರದೆಯಲ್ಲಿ ನೋಡಿದ ತಮ್ಮ ಕೇಳಿದ, "ಅಣ್ಣಾ, ತೆಪ್ಪ ಎಲ್ಲಿ?" ಇರಲೇ ಇಲ್ಲ. ಅದರ ಜಾಗದಲ್ಲಿ ಬೆಳಕಿನ ಒಂದು ಗೆರೆ. ದಡದ ದೀಪಗಳು ಮಾತ್ರ ಚೆಂದವಾಗಿ ಅರಳಿದ್ದವು.

ಚೀಲದಲ್ಲಿದ್ದ ಸ್ಟಾರ್ ಫಿಲ್ಟರ್ ತೆಗೆದೆ. ಇದರ ಗಾಜಿನ ಮೇಲೆ ಮೂರು ದಿಕ್ಕಿಗೆ ಸಣ್ಣ ಗೀರುಗಳಿವೆ, ಹಾಗಾಗಿ ಆರು ಕಿರಣ. ಇದಕ್ಕೆ ಅಪರ್ಚರ್ ಕಿರಿದು ಮಾಡಬೇಕಾಗಿಲ್ಲ. 50 ಎಂಎಂನಲ್ಲಿ ಎಫ್/2.8, ಐಎಸ್‌ಒ 1600, ಸೆಕೆಂಡಿನ 30ರಲ್ಲಿ ಒಂದು ಭಾಗ. ತೆಪ್ಪ ನಿಂತಂತೆ ಸಿಕ್ಕಿತು, ಅದರ ದೀಪಗಳಿಗೆಲ್ಲ ಕಿರಣ. ಫಿಲ್ಟರ್ 58 ಎಂಎಂ ಅಳತೆಯದು, ಈ ಲೆನ್ಸ್‌ನ ಬಾಯಿ 49. ನಡುವೆ ಎರಡನ್ನೂ ಹೊಂದಿಸುವ ಬಳೆ, ಸ್ಟೆಪ್-ಅಪ್ ರಿಂಗ್, ಹಾಕಿದ್ದೆ. ಕೊಳ್ಳುವಾಗ ದೊಡ್ಡ ಲೆನ್ಸ್‌ನ ಅಳತೆಗೆ ಕೊಂಡರೆ ಎರಡಕ್ಕೂ ಆಗುತ್ತದೆ.

ಫಿಲ್ಟರ್‌ನ ಕೊರತೆಯೂ ಅಲ್ಲೇ ಕಂಡಿತು. ಯಾವ ದೀಪವನ್ನೂ ಅದು ಬಿಡುವುದಿಲ್ಲ. ದಡದ ಅಂಗಡಿಯ ಬಲ್ಬು, ಜನರ ಕೈಯ ಮೊಬೈಲ್ ಟಾರ್ಚು, ಎಲ್ಲಕ್ಕೂ ಒಂದೇ ಅಚ್ಚಿನ ನಕ್ಷತ್ರ. ಕಪ್ಪು ಕತ್ತಲೆ ಸ್ವಲ್ಪ ಬೂದಿಬಣ್ಣಕ್ಕೆ ತಿರುಗುತ್ತದೆ. ಆದರೂ ಅವತ್ತು ಬೇರೆ ಯಾವುದರಿಂದಲೂ ಆ ಚಿತ್ರ ಸಿಗುತ್ತಿರಲಿಲ್ಲ. ಫಿಲ್ಟರ್ ತಿರುಗಿಸಿ ಒಂದು ಕಿರಣ ನೇರ ಮೇಲಕ್ಕೆ ನಿಲ್ಲುವ ಹಾಗೆ ಮಾಡಿದೆ. ಅಷ್ಟರಿಂದಲೇ ಚಿತ್ರ ಎಷ್ಟೋ ಸುಧಾರಿಸಿತು.

ಮೂರನೆಯದು ಕಿಟಕಿಗೆ ಹಾಕುವ ಸೊಳ್ಳೆ ಜಾಲರಿ. ಅಂಗೈಯಷ್ಟು ತುಂಡನ್ನು ಲೆನ್ಸ್ ಮುಂದೆ ಬಿಗಿಯಾಗಿ ಹಿಡಿದು ರಬ್ಬರ್ ಬ್ಯಾಂಡ್ ಹಾಕಿದರೆ ನಾಲ್ಕು ಕಿರಣ. ಕಪ್ಪು ಜಾಲರಿಯೇ ಆಗಬೇಕು, ಬಿಳಿಯದು ಬೆಳಕು ಹಿಡಿದು ಚಿತ್ರವನ್ನೆಲ್ಲ ಮಸುಕು ಮಾಡುತ್ತದೆ. ಫಿಲ್ಟರ್‌ನಷ್ಟು ಚೂಪಿಲ್ಲ. ಆದರೆ ಮೊಬೈಲ್‌ನಲ್ಲಿ ತೆಗೆಯುವವರಿಗೆ ನಾನು ಹೇಳುವುದು ಇದನ್ನೇ. ಹೆಚ್ಚಿನ ಮೊಬೈಲ್‌ಗಳಲ್ಲಿ ಅಪರ್ಚರ್ ಬದಲಿಸಲು ಬರುವುದಿಲ್ಲವಲ್ಲ.

ಮಲೆನಾಡಿನಲ್ಲಿ ಮಂಜನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಂಜು ಇಳಿದ ಮೇಲೆ ಆಗುಂಬೆ ಕಡೆ ಈ ಮೂರರಲ್ಲಿ ಯಾವುದೂ ನಡೆಯಲಿಲ್ಲ. ದೀಪದ ಸುತ್ತ ದೊಡ್ಡ ಪ್ರಭೆ ಹರಡಿ ಕಿರಣಗಳನ್ನು ನುಂಗಿಬಿಡುತ್ತದೆ. ಮಳೆ ಬಂದು ನಿಂತ ಸಂಜೆ, ಆಕಾಶದಲ್ಲಿ ಇನ್ನೂ ನೀಲಿ ಉಳಿದಿರುವಾಗ ಹೋಗಿ. ಗಾಳಿ ತೊಳೆದ ಹಾಗಿರುತ್ತದೆ, ಒದ್ದೆ ರಸ್ತೆಯಲ್ಲೂ ದೀಪಗಳು ಹೊಳೆಯುತ್ತಿರುತ್ತವೆ. ಆಗ ನಾನು ಹಳೇ 18-55ನ್ನೇ ಹಾಕಿ ಎಫ್/16 ಇಡುತ್ತೇನೆ.