ದಿನಚರಿ ಬರೆಯುವವರಿಗೆ ಲೂಪ್ ಹ್ಯಾಬಿಟ್ ಟ್ರ್ಯಾಕರ್: ದೀರ್ಘ ಬಳಕೆಯ ನಂತರದ ವಿಮರ್ಶೆ

ಆಂಡ್ರಾಯ್ಡ್ ಫೋನುಗಳಿಗೆ ಉಚಿತವಾಗಿ ದೊರೆಯುವ, ಜಾಹೀರಾತುಗಳಿಲ್ಲದ ಲೂಪ್ ಹ್ಯಾಬಿಟ್ ಟ್ರ್ಯಾಕರ್ ಆ್ಯಪನ್ನು ನಾನು ಎರಡು ವರ್ಷಗಳಿಗೂ ಮೇಲ್ಪಟ್ಟು ಒಂದೇ ಕೆಲಸಕ್ಕೆ, ಅಂದರೆ ದಿನಚರಿ ಬರೆದ ದಿನಗಳನ್ನು ಗುರುತಿಟ್ಟುಕೊಳ್ಳುವುದಕ್ಕೆ, ಬಳಸುತ್ತಿದ್ದೇನೆ. ಬರವಣಿಗೆ ನಡೆಯುವುದು ಇಂದಿಗೂ ನೋಟ್‌ಬುಕ್ಕಿನಲ್ಲಿಯೇ. ಏನು ಬರೆದೆ, ಎಷ್ಟು ಬರೆದೆ ಎಂಬುದು ಆ್ಯಪಿಗೆ ತಿಳಿಯುವುದಿಲ್ಲ. ಈ ದೂರವೇ ನನಗೆ ಮೊದಲು ಹಿಡಿಸಿದ ಗುಣ.

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನಲ್ಲಿ ರೇಷ್ಮೆ ಹುಳು ಸಾಕುವ ಮನೆ. ಒಂದು ಬೆಳೆಗೆ ಬೇಕಾಗುವ ಹಿಪ್ಪುನೇರಳೆ ಸೊಪ್ಪಿನಲ್ಲಿ ಶೇ. 80ಕ್ಕಿಂತ ಹೆಚ್ಚು ಭಾಗವನ್ನು ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ಮೇಲಿನ ಏಳೆಂಟು ದಿನಗಳಲ್ಲಿಯೇ ತಿನ್ನುತ್ತವೆ. ಆ ದಿನಗಳಲ್ಲಿಯೂ, ಹಣ್ಣಾದ (ಗೂಡು ಕಟ್ಟಲು ಸಿದ್ಧವಾದ) ಹುಳುಗಳನ್ನು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುವಾಗಲೂ, ಗೂಡು ಬಿಡಿಸಿ ಮಾರುಕಟ್ಟೆಗೆ ಸಾಗಿಸುವ ತನಕವೂ ಪೆನ್ನು ಹಿಡಿಯಲು ಪುರುಸೊತ್ತು ಸಿಗುವುದಿಲ್ಲ. ಸತತವಾಗಿ ಎಷ್ಟು ದಿನ ಬರೆದೆವೆಂಬುದನ್ನಷ್ಟೇ ಎಣಿಸಿ, ಒಂದು ದಿನ ತಪ್ಪಿದೊಡನೆ ಲೆಕ್ಕವನ್ನು ಸೊನ್ನೆಗೆ ಇಳಿಸುವ ಆ್ಯಪುಗಳು ಇಂತಹ ಮನೆಗಳಿಗೆ ಹೊಂದುವುದಿಲ್ಲ.

ಲೂಪ್ ಲೆಕ್ಕ ಹಾಕುವ ಕ್ರಮವೇ ಬೇರೆ. ಅದು ಪ್ರತಿ ಅಭ್ಯಾಸಕ್ಕೂ ಶೇಕಡಾವಾರು ಅಂಕ ನೀಡುತ್ತದೆ. ಪ್ರತಿದಿನದ ಅಭ್ಯಾಸವೊಂದನ್ನು ತಪ್ಪದೆ ಪಾಲಿಸಿದರೆ ಒಂದು ತಿಂಗಳಿಗೆ ಸುಮಾರು 80, ಎರಡು ತಿಂಗಳಿಗೆ 96, ಮೂರು ತಿಂಗಳಿಗೆ 99ರಷ್ಟು ಅಂಕ ಬರುತ್ತದೆ. ಆ ಮಟ್ಟ ತಲುಪಿದ ಮೇಲೆ ಒಂದು ದಿನ ತಪ್ಪಿದರೆ ಕುಸಿಯುವುದು ಸುಮಾರು 5 ಅಂಕ ಮಾತ್ರ, ಮತ್ತೆ ಬರೆಯತೊಡಗಿದರೆ ಅದು ನಿಧಾನವಾಗಿ, ಸುಮಾರು ಒಂದು ತಿಂಗಳಲ್ಲಿ, ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಹಿಂದಿನ ತಿಂಗಳುಗಳ ಶ್ರಮ ಅಳಿಸಿಹೋಗುವುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಮುದ್ರಣಗೊಂಡ ಅಧ್ಯಯನವೂ, ಅಭ್ಯಾಸ ಬೇರೂರಲು ಜನರಿಗೆ 18ರಿಂದ 254 ದಿನಗಳವರೆಗೆ ಬೇಕಾಗಬಹುದೆಂದು ಅಂದಾಜಿಸಿ, ನಡುವೆ ಒಮ್ಮೆ ತಪ್ಪುವುದರಿಂದ ಹೇಳಿಕೊಳ್ಳುವಂತಹ ಹಾನಿಯಿಲ್ಲ ಎಂದೇ ಕಂಡುಕೊಂಡಿತ್ತು. ಆದ್ದರಿಂದ ಲೂಪಿನ ಲೆಕ್ಕವನ್ನು ನಾನು ಬರಿಯ ಸಮಾಧಾನದ ಮಾತೆಂದು ಭಾವಿಸುವುದಿಲ್ಲ, ಅಭ್ಯಾಸದ ಸ್ವಭಾವಕ್ಕೆ ಹೆಚ್ಚು ಹತ್ತಿರವಾದ ಅಳತೆ ಎಂದು ಭಾವಿಸುತ್ತೇನೆ.

ನನಗೆ ಅತ್ಯಂತ ಉಪಯೋಗವಾಗಿರುವುದು ದಿನವನ್ನು ಬಿಟ್ಟುಬಿಡುವ ಸೌಲಭ್ಯ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆರಿಸಿಕೊಂಡರೆ, ಬಿಡುವಿಲ್ಲದ ದಿನಗಳನ್ನು ಲೆಕ್ಕದಿಂದ ಹೊರಗಿಡಬಹುದು. ಆ ದಿನಗಳಿಗೆ ಅಂಕ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹುಳು ಹಣ್ಣಾಗುವ ವಾರವನ್ನು ನಾನು ಹೀಗೆಯೇ ಗುರುತಿಸುತ್ತೇನೆ. ಅಲ್ಲದೆ, ಪ್ರತಿದಿನ ಎಂಬುದಕ್ಕೆ ಬದಲಾಗಿ ವಾರಕ್ಕೆ ಮೂರು ಬಾರಿ ಎಂದು ನಿಗದಿಪಡಿಸಿದ್ದೇನೆ. ಮೂರು ದಿನ ಬರೆದಾದರೆ ಆ ವಾರದ ಉಳಿದ ದಿನಗಳು ತಪ್ಪಿದ ದಿನಗಳಾಗಿ ಉಳಿಯುವುದಿಲ್ಲ. ಹೊಸದಾಗಿ ಆರಂಭಿಸುವವರೂ ಹೀಗೆ ಸಡಿಲವಾಗಿಯೇ ಆರಂಭಿಸಲಿ ಎಂದು ಆಶಿಸುತ್ತೇನೆ. ಮನಸ್ಸಿನ ಭಾರವನ್ನು ಬರೆದು ಇಳಿಸಿಕೊಳ್ಳುವ ಕುರಿತು ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನಿಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿಯೂ ವಿದ್ಯಾರ್ಥಿಗಳು ಬರೆದದ್ದು ನಾಲ್ಕೇ ದಿನ, ದಿನಕ್ಕೆ 15 ನಿಮಿಷ. ಬರವಣಿಗೆ ಫಲ ಕೊಡಬೇಕಾದರೆ ವರ್ಷವಿಡೀ ಒಂದು ದಿನವೂ ತಪ್ಪಬಾರದು ಎಂಬ ನಿಯಮ ಎಲ್ಲಿಯೂ ಇಲ್ಲ.

ರಾತ್ರಿ ಸೊಪ್ಪು ಕೊಟ್ಟು ತಡವಾಗಿ ಮಲಗುವವರಿಗೆ ಇನ್ನೊಂದು ಅನುಕೂಲವಿದೆ: ಬೇಕೆಂದರೆ ಹೊಸ ದಿನವನ್ನು ಬೆಳಗಿನ ಜಾವ 3 ಗಂಟೆಯ ನಂತರವೇ ತೋರಿಸುವಂತೆ ಮಾಡಿಕೊಳ್ಳಬಹುದು. ಬರೆಯಲು ನೆನಪಿಸುವ ಆ್ಯಪಿನ ಸೂಚನೆಗಳನ್ನು ನಾನು ಪೂರ್ತಿ ನಿಲ್ಲಿಸಿದ್ದೇನೆ. ಅಭ್ಯಾಸದ ಹೆಸರನ್ನು ಕನ್ನಡದಲ್ಲಿಯೇ ಇಟ್ಟುಕೊಂಡಿದ್ದೇನೆ.

ಕೊರತೆಗಳೂ ಇವೆ. ಸತತ ದಿನಗಳ ದಾಖಲೆಯನ್ನು ತೋರಿಸುವ ಚಿತ್ರವೊಂದು ವಿವರದ ಪುಟದ ಕೆಳಭಾಗದಲ್ಲಿದೆ; ಅಂತಹ ಎಣಿಕೆಯಿಂದ ಮನಸ್ಸು ಕುಗ್ಗುವವರು ಅಲ್ಲಿಯವರೆಗೆ ಇಳಿಯದಿರುವುದು ಒಳ್ಳೆಯದು. ವಾರಕ್ಕೆ ಮೂರು ಬಾರಿ ಎಂದಿಟ್ಟಾಗ ಅಂಕ ನಿಧಾನವಾಗಿ ಏರುವುದರಿಂದ ಮೊದಲ ತಿಂಗಳುಗಳಲ್ಲಿ ತಾಳ್ಮೆ ಬೇಕು. ಮಾಹಿತಿ ಫೋನಿನಲ್ಲಿಯೇ ಉಳಿಯುತ್ತದೆ ಎಂಬುದು ಖಾಸಗಿತನಕ್ಕೆ ಒಳ್ಳೆಯದಾದರೂ, ಫೋನು ಕೆಟ್ಟರೆ ಅಥವಾ ಕಳೆದರೆ ದಾಖಲೆಯೂ ಅದರೊಂದಿಗೆ ಹೋಗುತ್ತದೆ. ಆದ್ದರಿಂದ ಪ್ರತಿ ಬೆಳೆಯ ಗೂಡು ಮಾರಾಟವಾದ ಬಳಿಕ ಬ್ಯಾಕಪ್ ಕಡತವನ್ನು ತೆಗೆದು ಬೇರೆಡೆ ಉಳಿಸಿಡುತ್ತೇನೆ. ಹೊಸ ಫೋನಿನಲ್ಲಿ ಅದನ್ನು ಮತ್ತೆ ತುಂಬಿಕೊಳ್ಳಬಹುದು.