360 ಕೆಬಿ ಫ್ಲಾಪಿಗೆ 1.2 ಎಂಬಿ ಡ್ರೈವಿನಲ್ಲಿ ಬರೆಯಲು ಹೋಗಬೇಡಿ

ಕಾಪಿ ಸಲೀಸಾಗಿ ಮುಗಿಯುತ್ತದೆ. ಡೈರೆಕ್ಟರಿಯಲ್ಲಿ ಫೈಲುಗಳೆಲ್ಲ ಸಾಲಾಗಿ ಕಾಣುತ್ತವೆ, ತೆರೆದರೂ ಸರಿಯಾಗಿವೆ. ಅದೇ 5.25 ಇಂಚಿನ ಡಿಸ್ಕನ್ನು 360 ಕೆಬಿ ಡ್ರೈವ್ ಇರುವ ಹಳೆ ಎಕ್ಸ್‌ಟಿ ಮಷೀನಿಗೆ (ಐಬಿಎಂನ ಹಳೆ ಪಿಸಿ) ಹಾಕಿ ನೋಡಿ: ಡ್ರೈವ್ ನಾಲ್ಕು ಸಲ ಗರಗರ ಅಂದು 'ಸೆಕ್ಟರ್ ನಾಟ್ ಫೌಂಡ್' ಎನ್ನುತ್ತದೆ. ಎಫ್‌ಎಟಿ (ಯಾವ ಫೈಲ್ ಡಿಸ್ಕಿನಲ್ಲಿ ಎಲ್ಲಿದೆ ಎಂಬ ಪಟ್ಟಿ), ಡೈರೆಕ್ಟರಿ ಎರಡನ್ನೂ 1.2 ಎಂಬಿ ಡ್ರೈವ್ ತಿದ್ದಿರುವುದರಿಂದ ಮೊದಲಿಂದ ಇದ್ದ ಫೈಲುಗಳೂ ಕೈಗೆ ಸಿಗುವುದಿಲ್ಲ.

ತಪ್ಪು ಡಿಸ್ಕನ್ನು ಓದಿ ಬರೆಯುವ ಹೆಡ್ಡಿನ ಅಗಲದ್ದು. 360 ಕೆಬಿ ಡ್ರೈವ್ ಒಂದು ಬದಿಗೆ 40 ಟ್ರ್ಯಾಕ್ (ಉಂಗುರದಂಥ ಬರಹದ ಸಾಲು) ಬರೆಯುತ್ತದೆ, ಒಂದೊಂದೂ ಸುಮಾರು 0.33 ಮಿ.ಮೀ. ಅಗಲ. 1.2 ಎಂಬಿ ಡ್ರೈವಿನದು 80 ಟ್ರ್ಯಾಕ್, ಅಗಲ ಅದರರ್ಧ. ಹೀಗಾಗಿ ಹೊಸ ಬರಹ ಹಳೆ ಟ್ರ್ಯಾಕಿನ ನಡುವೆ ಸಣ್ಣ ಗೆರೆಯಂತೆ ಕೂರುತ್ತದೆ, ಅಂಚಿನಲ್ಲಿ ಹಳೆ ಬರಹ ಹಾಗೇ ಉಳಿಯುತ್ತದೆ. ಅಗಲ ಹೆಡ್ಡಿಗೆ ಎರಡೂ ಒಟ್ಟಿಗೆ ಕೇಳಿಸಿ ಗೊಂದಲವಾಗುತ್ತದೆ. ಮರುಫಾರ್ಮ್ಯಾಟ್ ಮಾಡುವುದೂ ಅದೇ ಸಪೂರ ಹೆಡ್ಡೇ, ಅಂಚು ಅಳಿಯುವುದಿಲ್ಲ.

ಓದಲು ಮಾತ್ರವಾದರೆ 1.2 ಎಂಬಿ ಡ್ರೈವ್ ಧಾರಾಳವಾಗಿ ಸಾಕು. ತಪ್ಪಿ ಬರೆಯದಂತೆ ಮೊದಲು ಡಿಸ್ಕಿನ ಬದಿಯ ಕಚ್ಚಿಗೆ ಟೇಪ್ ಅಂಟಿಸಿ. ಬರೆಯಲೇಬೇಕಿದ್ದರೆ 1.2 ಎಂಬಿ ಡ್ರೈವ್ ಇರುವ ಪಿಸಿಗೇ ಒಂದು 360 ಕೆಬಿ ಡ್ರೈವ್ ಜೋಡಿಸುವುದು ಸರಿಯಾದ ದಾರಿ. ಅದಿಲ್ಲದಿದ್ದರೆ ಎಂದೂ ಫಾರ್ಮ್ಯಾಟ್ ಆಗದ, ಇಲ್ಲವೇ ಬಲ್ಕ್ ಇರೇಸರಿನಲ್ಲಿ (ಅಯಸ್ಕಾಂತದಿಂದ ಇಡೀ ಡಿಸ್ಕ್ ಅಳಿಸುವ ಸಾಧನ) ಪೂರ್ತಿ ಅಳಿಸಿದ ಡಬಲ್ ಡೆನ್ಸಿಟಿ (360 ಕೆಬಿಯ) ಡಿಸ್ಕ್ ತೆಗೆದುಕೊಂಡು 'ಫಾರ್ಮ್ಯಾಟ್ ಎ: /ಎಫ್:360' ಕೊಡಿ. '/ಎಫ್' ಮರೆತರೆ ಡಾಸ್ 1.2 ಎಂಬಿಗೆ ಹೊರಡುತ್ತದೆ, ಬ್ಯಾಡ್ ಸೆಕ್ಟರುಗಳ ಮೆರವಣಿಗೆ ಶುರು. ಹೀಗೆ ಮಾಡಿದ ಡಿಸ್ಕನ್ನು ಹಳೆ ಮಷೀನಿನಲ್ಲಿ ಓದಿ, ಬರೆಯಬೇಡಿ. ಈಗಾಗಲೇ ಕೆಟ್ಟಿದ್ದರೆ ಗಾಬರಿಯಾಗಿ ಫಾರ್ಮ್ಯಾಟ್ ಮಾಡದೆ, ಬರೆದ ಡ್ರೈವಿಗೇ ಹಾಕಿ ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಿ.

3.5 ಇಂಚಿನಲ್ಲಿ ಬೇರೆಯೇ ತಂಟೆ. ಅಮಿಗಾ ಕಂಪ್ಯೂಟರಿನ 880 ಕೆಬಿ ಡಿಸ್ಕನ್ನು ಪಿಸಿಯ ಕಂಟ್ರೋಲರ್ ಓದುವುದೇ ಇಲ್ಲ. ಅಮಿಗಾದಲ್ಲಿ ಕ್ರಾಸ್‌ಡಾಸ್ (ಪಿಸಿ ಡಿಸ್ಕ್ ಓದಿ ಬರೆಯುವ ತಂತ್ರಾಂಶ) ಹಾಕಿ ಪಿಸಿಯ 720 ಕೆಬಿ ಡಿಸ್ಕ್ ಬಳಸಿ. ಹಳೆ ಮ್ಯಾಕಿನ 800 ಕೆಬಿ ಡಿಸ್ಕೂ ಪಿಸಿಗೆ ಆಗದು. ಅದರ ಫೈಲುಗಳನ್ನು ಪಿಸಿಯ ಎಫ್‌ಎಟಿ ಡಿಸ್ಕಿಗೆ ಹಾಕುವ ಮುನ್ನ ಮ್ಯಾಕ್‌ಬೈನರಿ ಇಲ್ಲವೇ ಬಿನ್‌ಹೆಕ್ಸ್ ರೂಪಕ್ಕೆ ಕಟ್ಟಿ, ಇಲ್ಲದಿದ್ದರೆ ರಿಸೋರ್ಸ್ ಫೋರ್ಕ್ (ಮ್ಯಾಕ್ ಫೈಲಿನ ಎರಡನೇ ಭಾಗ) ಕಳೆದುಹೋಗಿ ಪ್ರೋಗ್ರಾಮ್ ಸತ್ತಂತೆಯೇ.

ಇನ್ನೊಂದು ಬಲೆ: ಮ್ಯಾಕಿನ 800 ಕೆಬಿ ಡ್ರೈವ್ ಎಚ್‌ಡಿ (1.44 ಎಂಬಿ) ಡಿಸ್ಕಿನ ಎರಡನೇ ತೂತನ್ನು ಗಮನಿಸದೆ ಅದನ್ನೂ 800ಕ್ಕೆ ಫಾರ್ಮ್ಯಾಟ್ ಮಾಡಿಬಿಡುತ್ತದೆ. ಮುಂದೆ ಸೂಪರ್‌ಡ್ರೈವ್ (1.44 ಎಂಬಿ ಫ್ಲಾಪಿ ಡ್ರೈವ್) ಇರುವ ಮ್ಯಾಕ್ ಆ ತೂತು ನೋಡಿ 1.44 ಎಂಬಿ ಎಂದುಕೊಂಡು, ಓದಲಾಗದೆ, ಇನಿಶಿಯಲೈಸ್ (ಹೊಸದಾಗಿ ಫಾರ್ಮ್ಯಾಟ್) ಮಾಡಲೇ ಎಂದು ಕೇಳುತ್ತದೆ. 'ಇಜೆಕ್ಟ್' ಒತ್ತಿ, ತೂತಿಗೆ ಟೇಪ್ ಅಂಟಿಸಿ ಮತ್ತೆ ಹಾಕಿ.